ಐವತ್ತು ಸೆಂಟಿನ ಪುಸ್ತಕ, ಐವತ್ತು ವರ್ಷದ ಹೆಸರಿನ ಜಗಳ

2024ರಲ್ಲಿ ಡೆಡ್‌ಪೂಲ್ ಜೊತೆ ಉದ್ದ ಉಗುರಿನ ಕಾಮಿಕ್ಸ್ ಹೀರೋ ವುಲ್ವರಿನ್ ಬಂದ ಸಿನಿಮಾ ಟೈಮಲ್ಲಿ ಒಂದು ಗಲಾಟೆ ಎದ್ದಿತ್ತು. ವುಲ್ವರಿನ್‌ನ ಹುಟ್ಟಿಸಿದವರು ಅಂತ ಹಾಕೋ ಹೆಸರುಗಳ ಜೊತೆ ಕಾಮಿಕ್ಸ್ ಕಂಪನಿ ಮಾರ್ವೆಲ್‌ನ ಹಳೇ ಎಡಿಟರ್ ರಾಯ್ ಥಾಮಸ್ ಹೆಸರೂ ಸೇರಿತು, ಬರಹಗಾರ ಲೆನ್ ವೀನ್ ಮನೆಯವರು ಇದು ಸರಿಯಲ್ಲ ಅಂದ್ರು. ಥಾಮಸ್ ಹೇಳೋದು, ಕೆನಡಾದವನು ಬೇಕು, ಹೆಸರು ವುಲ್ವರಿನ್ ಇರಲಿ ಅಂತ ಹೇಳಿದ್ದೇ ನಾನು ಅಂತ. ಇರಬಹುದು. ಆದ್ರೆ ಕತೆ ಬರೆದ ವೀನ್ 2017ರಲ್ಲಿ, ಮೊದಲು ಚಿತ್ರ ಬರೆದ ಹರ್ಬ್ ಟ್ರಿಂಪ್ 2015ರಲ್ಲಿ, ವೇಷ ಡಿಸೈನ್ ಮಾಡಿದ ಜಾನ್ ರೊಮಿಟಾ 2023ರಲ್ಲಿ ತೀರಿಕೊಂಡಿದ್ರು, ಹೌದು ಅನ್ನೋಕೂ ಅಲ್ಲ ಅನ್ನೋಕೂ ಯಾರೂ ಉಳಿದಿರ್ಲಿಲ್ಲ.

ಇದು ಅರ್ಥ ಆಗ್ಬೇಕು ಅಂದ್ರೆ 1975ರ 'ಜೈಂಟ್-ಸೈಜ್ ಎಕ್ಸ್-ಮೆನ್' ಅನ್ನೋ ಕಾಮಿಕ್ಸ್ ಪುಸ್ತಕದ ಒಂದನೇ ಸಂಚಿಕೆ ಮತ್ತೆ ತೆಗೆದು ನೋಡ್ಬೇಕು. 68 ಪುಟ, ಬೆಲೆ 50 ಸೆಂಟ್. ಎಕ್ಸ್-ಮೆನ್ ಅನ್ನೋ ಸೂಪರ್‌ಹೀರೋ ಟೀಮಿನ ಕತೆನ 1963ರಲ್ಲಿ ಸ್ಟ್ಯಾನ್ ಲೀ, ಜ್ಯಾಕ್ ಕರ್ಬಿ ಶುರು ಮಾಡಿದ್ರು, ಓಡಲಿಲ್ಲ, 1970ರಲ್ಲಿ 66ನೇ ಸಂಚಿಕೆಗೆ ಹೊಸ ಕತೆ ನಿಂತು ಐದು ವರ್ಷ ಹಳೇದನ್ನೇ ಪ್ರಿಂಟ್ ಹಾಕ್ತಾ ಇದ್ರು.

ಆಮೇಲೆ ಮಾರ್ವೆಲ್‌ನಲ್ಲಿ ಒಂದು ಲೆಕ್ಕಾಚಾರ ಬಂತು: ಬೇರೆ ಬೇರೆ ದೇಶದ ಹೀರೋಗಳ ಟೀಮ್ ಮಾಡಿದ್ರೆ ಹೊರದೇಶದಲ್ಲೂ ಮಾರಬಹುದಲ್ವಾ ಅಂತ. ಶುದ್ಧ ವ್ಯಾಪಾರದ ಮಾತು. ಬರೆಯೋ ಕೆಲಸ ಕೊನೆಗೆ ವೀನ್‌ಗೆ ಬಂತು, ಚಿತ್ರ ಡೇವ್ ಕಾಕ್ರಮ್‌ಗೆ. ನನಗೆ ಈ ಪುಸ್ತಕ ಅಂದ್ರೆ ಕಾಕ್ರಮ್ಮೇ. ಅವರ ಹತ್ರ ಡಿಸೈನ್ ತುಂಬಿದ ನೋಟ್‌ಬುಕ್‌ಗಳಿದ್ವು. ನೀಲಿ ಮೈ, ಬಾಲ ಇರೋ ನೈಟ್‌ಕ್ರಾಲರ್‌ನ ಅವರು ಮೊದಲು ಎದುರಾಳಿ ಕಂಪನಿ ಡಿಸಿಗೆ ತೋರಿಸಿದ್ರು, ಅಲ್ಲಿ ಬೇಡ ಅಂದ್ರು. ಸ್ಟಾರ್ಮ್ ಅವರೇ ಬರೆದಿಟ್ಟಿದ್ದ ಎರಡು ಬೇರೆ ಪಾತ್ರ ಸೇರಿಸಿ ಆದವಳು, ಬೆಕ್ಕಿನ ಶಕ್ತಿಯ ಹೆಂಗಸೊಬ್ಬಳು, ಗಾಳಿ ಮಳೆ ಆಡಿಸೋ ಗಂಡಸೊಬ್ಬ. ಬಿಳಿ ಕೂದಲು ಹಾಕಿದ್ರೆ ಅಜ್ಜಿ ಥರ ಕಾಣ್ತಾಳೆ ಅಂತ ಎಡಿಟರ್‌ಗಳಿಗೆ ಡೌಟು, ಆದ್ರೂ ಕೂದಲು ಬಿಳಿಯೇ ಉಳೀತು. ಸೈಬೀರಿಯಾದ ಹೊಲದಲ್ಲಿ ಟ್ರ್ಯಾಕ್ಟರ್‌ಗೆ ಅಡ್ಡ ನಿಂತು ತಂಗಿನ ಉಳಿಸೋ ಕೊಲೊಸಸ್, ಅಪಾಚೆ ಹುಡುಗ ಥಂಡರ್‌ಬರ್ಡ್, ಇವರೂ ಇದೇ ಪುಸ್ತಕದಲ್ಲಿ ಬಂದವರು. (ಪಾಪ ಥಂಡರ್‌ಬರ್ಡ್‌ನ ಮತ್ತೆ ಶುರುವಾದ ಹಳೇ ಎಕ್ಸ್-ಮೆನ್ ಸರಣಿಯ 95ನೇ ಸಂಚಿಕೆಗೇ ಸಾಯಿಸಿಬಿಟ್ರು.)

ವುಲ್ವರಿನ್ ಹೊಸಬನಲ್ಲ, 1974ರಲ್ಲೇ ಹಲ್ಕ್ ಪುಸ್ತಕದಲ್ಲಿ ಬಂದಿದ್ದ. ಅವನ ಆ ಉದ್ದ ಕಪ್ಪು ಕಿವಿಯ ಮುಖವಾಡ ಇದೆಯಲ್ಲ, ಅದು ಹುಟ್ಟಿದ್ದು ಮಾತ್ರ ಈ ಪುಸ್ತಕದಲ್ಲೇ, ಅದೂ ಮಿಸ್ಟೇಕಿಂದ. ಕವರ್ ಬರೆದ ಗಿಲ್ ಕೇನ್ ಮುಖವಾಡನ ತಪ್ಪಾಗಿ ದೊಡ್ಡದು ಬರೆದ್ರು, ಕಾಕ್ರಮ್‌ಗೆ ಅದೇ ಇಷ್ಟ ಆಗಿ ಒಳಗಿನ ಪುಟಗಳನ್ನೂ ಹಾಗೇ ತಿದ್ದಿದ್ರು. ವೀನ್ ತಲೆಯಲ್ಲಿ ಉಗುರುಗಳು ಗ್ಲೌಸ್‌ನಲ್ಲಿದ್ವು, ಕೈಯೊಳಗಿಂದಲೇ ಬರುತ್ತವೆ ಅಂತಾಗಿದ್ದು ಆ ಸರಣಿಯ 98ನೇ ಸಂಚಿಕೆಯಲ್ಲಿ, ಆ ಹೊತ್ತಿಗೆ ಕತೆ ಬರೀತಿದ್ದವರು ಕ್ರಿಸ್ ಕ್ಲೇರ್‌ಮಾಂಟ್. ಮುಖವಾಡ ತೆಗೆದ ವುಲ್ವರಿನ್ ಮುಖ ಮೊದಲು ಕಂಡಿದ್ದೂ ಅಲ್ಲೇ, ಆ ಚಿತ್ರ ಬರೆದಿದ್ದು ಕಾಕ್ರಮ್. ಈಗ ಹೇಳಿ, ಹುಟ್ಟಿಸಿದ್ದು ಯಾರು?

ಆಗ ಪುಟಕ್ಕಿಷ್ಟು ಅಂತ ದುಡ್ಡು, ಪಾತ್ರ ಕಂಪನಿದು, ಹಾಗೇ ನಡೀತಿತ್ತು, ಬರೆಯೋರೂ ಒಪ್ಪಿಕೊಂಡೇ ಬರೀತಿದ್ರು, ಮುಂದೆ ಇದು ಕೋಟಿಗಟ್ಟಲೆ ಡಾಲರ್‌ದಾಗುತ್ತೆ ಅಂತ ಯಾರಿಗೆ ಗೊತ್ತಿತ್ತು. ಕ್ಲೇರ್‌ಮಾಂಟ್ 1991ರವರೆಗೆ ಬರೆದ್ರು, ಆ ವರ್ಷ ಹೊಸದಾಗಿ ಶುರುವಾದ 'ಎಕ್ಸ್-ಮೆನ್' ಒಂದನೇ ಸಂಚಿಕೆ 80 ಲಕ್ಷ ಕಾಪಿ ದಾಟಿತು, 2000ದಿಂದ ಸಿನಿಮಾಗಳು. 2004ರಲ್ಲಿ ಕಾಕ್ರಮ್ ಆಸ್ಪತ್ರೆಯಲ್ಲಿದ್ರು. ನೀಲ್ ಆಡಮ್ಸ್ ಥರ ಹಿರಿಯ ಕಲಾವಿದರು ಅವರ ಪರ ಓಡಾಡಿದ್ಮೇಲೆ ಕಂಪನಿ ಅವರಿಗೆ ಒಂದು ಮೊತ್ತ ಕೊಡೋಕೆ ಒಪ್ಪಿಕೊಳ್ತು, ಎಷ್ಟು ಅಂತ ಹೊರಗೆ ಬರ್ಲಿಲ್ಲ. 2006ರ ನವೆಂಬರ್‌ನಲ್ಲಿ ಅವರು ಹೋದ್ರು.

ಈಗಿನ ಜಗಳ ಥಾಮಸ್ ಹೆಸರು ಬೇಕಾ ಬೇಡ್ವಾ ಅನ್ನೋದರ ಸುತ್ತಾನೇ ತಿರುಗ್ತಿದೆ. ತಪ್ಪಾಗಿ ಆ ಕಿವಿ ಬರೆದ ಗಿಲ್ ಕೇನ್ ಹೆಸರನ್ನ ಅದರಲ್ಲಿ ಯಾರೂ ಎತ್ತಿದ್ದು ನಾನಂತೂ ನೋಡಿಲ್ಲ.