ಎರಡು ಪೋರ್ಟಿನ ಟೆಸ್ಟರ್‌ನಿಂದ ಇಡೀ ಸ್ವಿಚ್ಚಿನ ಪರೀಕ್ಷೆ

100 ಗಿಗಾಬಿಟ್ ವೇಗದ 32 ಪೋರ್ಟ್‌ಗಳಿರುವ ಸ್ವಿಚ್ಚನ್ನು ಪೂರ್ಣ ಭಾರದಲ್ಲಿ ಪರೀಕ್ಷಿಸಲು ಅಷ್ಟೇ ಪೋರ್ಟ್‌ಗಳ ಟ್ರಾಫಿಕ್ ಜನರೇಟರ್ (ಪ್ಯಾಕೆಟ್‌ಗಳನ್ನು ಕಳುಹಿಸಿ ಅಳೆಯುವ ಟೆಸ್ಟರ್) ಕೊಳ್ಳುವುದು ಎಲ್ಲ ಲ್ಯಾಬ್‌ಗಳಿಗೂ ಕೈಗೆಟುಕುವ ಮಾತಲ್ಲ. ಆದ್ದರಿಂದ ಟೆಸ್ಟರನ್ನು 1 ಮತ್ತು 32ನೇ ಪೋರ್ಟ್‌ಗಳಿಗೆ ಮಾತ್ರ ಜೋಡಿಸಿ, ಉಳಿದವನ್ನು 2ರಿಂದ 3ಕ್ಕೆ, 4ರಿಂದ 5ಕ್ಕೆ ಎಂಬಂತೆ 15 ಕೇಬಲ್‌ಗಳಿಂದ ಬೆಸೆಯುವ ಸ್ನೇಕ್ ಟೆಸ್ಟ್ ರೂಢಿಯಲ್ಲಿದೆ.

ಕೇಬಲ್ ಹಾಕಿದ ಮಾತ್ರಕ್ಕೆ ಪ್ಯಾಕೆಟ್ ಆ ದಾರಿ ಹಿಡಿಯುವುದಿಲ್ಲ. ಯಾವ ಪ್ಯಾಕೆಟ್ ಎತ್ತ ಹೋಗಬೇಕೆಂದು ಹೇಳುವ ರೂಟಿಂಗ್ ಟೇಬಲ್ ಒಂದೇ ಆಗಿದ್ದರೆ, 32ನೇ ಪೋರ್ಟಿನ ನೆಟ್‌ವರ್ಕ್ ತನಗೆ ನೇರವಾಗಿಯೇ ಗೊತ್ತಿರುವುದರಿಂದ, ಸ್ವಿಚ್ 1ರಲ್ಲಿ ಬಂದದ್ದನ್ನು ಒಳಗಿಂದೊಳಗೇ ಅಲ್ಲಿಗೆ ದಾಟಿಸಿಬಿಡುತ್ತದೆ. ನಡುವಿನ ಕೇಬಲ್‌ಗಳು ಸುಮ್ಮನೆ ಬಿದ್ದಿರುತ್ತವೆ. ಹಾಗಾಗದಂತೆ 1 ಮತ್ತು 2 ಒಂದು ವಿಆರ್‌ಎಫ್‌ಗೆ (ಸ್ವಿಚ್ಚಿನೊಳಗೆ ತನ್ನದೇ ರೂಟಿಂಗ್ ಟೇಬಲ್ ಇರುವ ವಿಭಾಗ), 3 ಮತ್ತು 4 ಇನ್ನೊಂದಕ್ಕೆ ಎಂದು ಒಟ್ಟು 16 ಪ್ರತ್ಯೇಕ ಟೇಬಲ್‌ಗಳನ್ನು ಮಾಡಿ, ಮುಂದಿನ ಹಾಪ್ (ಪ್ಯಾಕೆಟ್ ಸೇರಬೇಕಾದ ಮುಂದಿನ ರೂಟರ್) ಕೇಬಲ್ಲಿನ ಆ ತುದಿಯಲ್ಲಿದೆ ಎಂಬ ಸ್ಟ್ಯಾಟಿಕ್ ರೂಟನ್ನು, ಅಂದರೆ ಕೈಯಾರೆ ನಿಗದಿಪಡಿಸಿದ ದಾರಿಯನ್ನು, ಪ್ರತಿಯೊಂದರಲ್ಲೂ ಬರೆಯಬೇಕು. ಆಗ ಒಂದೇ ಪೆಟ್ಟಿಗೆ 16 ರೂಟರ್‌ಗಳ ಸಾಲಾಗಿ ವರ್ತಿಸುತ್ತದೆ.

ಇದನ್ನು ಖಚಿತಪಡಿಸಿಕೊಳ್ಳಲು ಟಿಟಿಎಲ್, ಅಂದರೆ ಪ್ರತಿ ರೂಟರ್ ದಾಟುವಾಗ ಒಂದು ಕಡಿಮೆಯಾಗುವ ಪ್ಯಾಕೆಟ್ಟಿನೊಳಗಿನ ಎಣಿಕೆ, ಸಾಕು. 64 ಎಂದು ಕಳುಹಿಸಿದ ಪ್ಯಾಕೆಟ್ 48 ಆಗಿ ಹೊರಬಂದರೆ ಹದಿನಾರೂ ಹಾಪ್‌ಗಳು ನಡೆದಿವೆ. ಅದಕ್ಕಿಂತ ಹೆಚ್ಚು ಉಳಿದಿದ್ದರೆ ಎಲ್ಲೋ ಅಡ್ಡದಾರಿ ಇದೆ. ಮೊದಲ ಬಾರಿ ಮಾಡುವವರು ಹೆಚ್ಚಾಗಿ ಸಿಕ್ಕಿಬೀಳುವುದು ಮ್ಯಾಕ್ ವಿಳಾಸದಲ್ಲಿ (ಲಿಂಕಿನ ಮೇಲೆ ಪೋರ್ಟನ್ನು ಗುರುತಿಸುವ ಹಾರ್ಡ್‌ವೇರ್ ವಿಳಾಸ). ಅನೇಕ ಸ್ವಿಚ್‌ಗಳು ಎಲ್ಲ ರೂಟೆಡ್ ಪೋರ್ಟ್‌ಗಳಿಗೂ ಒಂದೇ ಮ್ಯಾಕ್ ಕೊಡುವುದರಿಂದ, ತನ್ನದೇ ವಿಳಾಸದಿಂದ ತನಗೇ ಬಂದ ಎಆರ್‌ಪಿ ವಿನಂತಿಯನ್ನು (ಐಪಿ ವಿಳಾಸದ ಮ್ಯಾಕ್ ಯಾವುದೆಂದು ಕೇಳುವ ಸಂದೇಶ) ಸಾಫ್ಟ್‌ವೇರ್ ತಳ್ಳಿಹಾಕಬಹುದು. ಕೈಯಾರೆ ಎಆರ್‌ಪಿ ನಮೂದು ಹಾಕಿದರೂ, ಮೂಲ ಮತ್ತು ಗುರಿ ಎರಡೂ ಒಂದೇ ಆಗಿರುವ ಫ್ರೇಮನ್ನು ಕೆಲವು ಚಿಪ್‌ಗಳು ಬೀಳಿಸುತ್ತವೆ. ಪೋರ್ಟಿಗೊಂದು ಮ್ಯಾಕ್ ಕೊಡುವುದೇ ನೆಟ್ಟಗಿನ ಪರಿಹಾರ.

ಫಲಿತಾಂಶದಲ್ಲಿ ನಷ್ಟ ಸೊನ್ನೆ ಎಂದು ಕಂಡೊಡನೆ ಹಾರ್ಡ್‌ವೇರ್ ಸರಿಯಿದೆ ಎಂದು ಬರೆದುಬಿಡುವ ಅಭ್ಯಾಸವನ್ನು ನಾನು ಒಪ್ಪುವುದಿಲ್ಲ. 25 ಗಿಗಾಬಿಟ್ಟಿನ ನಾಲ್ಕು ಲೇನ್‌ಗಳ ಲಿಂಕಿನಲ್ಲಿ ಬಳಸುವ ರೀಡ್-ಸಾಲಮನ್ ಎಫ್‌ಇಸಿ (ದಾರಿಯಲ್ಲಿ ಕೆಟ್ಟ ಬಿಟ್‌ಗಳನ್ನು ಸರಿಪಡಿಸುವ ಸಂಕೇತ ವಿಧಾನ), 528 ಸಿಂಬಲ್‌ಗಳ (ಬಿಟ್‌ಗಳ ಚಿಕ್ಕ ಗುಂಪುಗಳ) ಒಂದು ಕೋಡ್‌ವರ್ಡ್‌ನಲ್ಲಿ 7 ಸಿಂಬಲ್‌ಗಳವರೆಗಿನ ದೋಷವನ್ನು ಸದ್ದಿಲ್ಲದೆ ತಿದ್ದಿಬಿಡುತ್ತದೆ. ಆದ್ದರಿಂದ ಸೋಲುವ ಅಂಚಿನಲ್ಲಿರುವ ಕೇಬಲ್ಲೂ ಒಂದೇ ಒಂದು ಪ್ಯಾಕೆಟ್ ಕಳೆಯದೆ ರಾತ್ರಿಯಿಡೀ ಓಡೀತು. ಪರೀಕ್ಷೆಗೆ ಮುನ್ನ ಮತ್ತು ನಂತರ ಪ್ರತಿ ಪೋರ್ಟಿನ ತಿದ್ದಿದ ಕೋಡ್‌ವರ್ಡ್‌ಗಳ ಕೌಂಟರನ್ನು ಓದಿ ಹೋಲಿಸಿದರೆ ಮಾತ್ರ ಅದು ಕಾಣುತ್ತದೆ. ಇನ್ನೊಂದು ಅಪಾಯ ಫ್ರೇಮ್ ಕೆಟ್ಟಿದೆಯೇ ಎಂದು ತಿಳಿಸುವ ತಪಾಸಣಾ ಸಂಖ್ಯೆಯಾದ ಸಿಆರ್‌ಸಿಯದು: ಟಿಟಿಎಲ್ ಮತ್ತು ಮ್ಯಾಕ್ ಬದಲಾಗುವುದರಿಂದ ಸ್ವಿಚ್ ಪ್ರತಿ ಹಾಪ್‌ನಲ್ಲೂ ಹೊಸ ಸಿಆರ್‌ಸಿ ಬರೆಯುತ್ತದೆ, ಹಾಗಾಗಿ ಬಫರ್ ಮೆಮೊರಿಯಲ್ಲಿ ಕೆಟ್ಟ ಒಂದು ಬಿಟ್ ಹೊಸ ಸಿಆರ್‌ಸಿಯ ಮರೆಯಲ್ಲಿ ಶುದ್ಧವಾಗಿಯೇ ಹೊರಬರುವ ಸಾಧ್ಯತೆಯಿದೆ. ಪೇಲೋಡ್‌ನೊಳಗೆ (ಪ್ಯಾಕೆಟ್ ಹೊತ್ತ ದತ್ತಾಂಶದೊಳಗೆ) ಟೆಸ್ಟರ್ ತನ್ನದೇ ಗುರುತನ್ನಿಟ್ಟು ತಾಳೆ ನೋಡಬೇಕಾದದ್ದು ಇದಕ್ಕಾಗಿ.

ಕೇಬಲ್ಲುಗಳನ್ನು ವಿಆರ್‌ಎಫ್ ಜೋಡಿಗಳಿಗೆ ತಕ್ಕಂತೆ ಹಾಕಿಕೊಳ್ಳಬಹುದು, ಆದರೆ ಆ ಜೋಡಿಗಳನ್ನು ಆರಿಸುವಾಗ ಚಿಪ್ಪಿನ ನಕ್ಷೆ ಮುಂದಿರಲಿ. ಪಕ್ಕಪಕ್ಕದ 1 ಮತ್ತು 2 ಒಂದೇ ಪೈಪ್‌ಲೈನಿನಲ್ಲಿದ್ದರೆ (ಚಿಪ್ಪಿನೊಳಗೆ ಕೆಲವು ಪೋರ್ಟ್‌ಗಳ ಪ್ಯಾಕೆಟ್‌ಗಳನ್ನು ಸಂಸ್ಕರಿಸುವ ಭಾಗ), ಪೈಪ್‌ಲೈನ್‌ಗಳ ನಡುವಿನ ಹಾದಿಯ ಮೇಲೆ ಭಾರವೇ ಬೀಳುವುದಿಲ್ಲ. ಒಂದೇ ವಿಆರ್‌ಎಫ್‌ನಲ್ಲಿ 1ನ್ನು 17ರೊಂದಿಗೆ, 2ನ್ನು 18ರೊಂದಿಗೆ ಜೋಡಿ ಮಾಡಿದರೆ ಬೀಳಬಹುದು. ಹಾಗಿದ್ದೂ ಒಂದು ಪೋರ್ಟಿಗೆ ಒಂದೇ ಪೋರ್ಟಿನಿಂದ ಟ್ರಾಫಿಕ್ ಬರುವುದರಿಂದ ದಟ್ಟಣೆ ಉಂಟಾಗದು. ಬಫರ್ ಮತ್ತು ಕ್ಯೂಗಳ ವರ್ತನೆ ತಿಳಿಯಬೇಕಿದ್ದರೆ ಸ್ವಿಚ್‌ಗಳ ಪರೀಕ್ಷಾ ವಿಧಾನಗಳ ಬಗೆಗಿನ 2000ದ ದಾಖಲೆ ಆರ್‌ಎಫ್‌ಸಿ 2889 ಹೇಳುವಂತೆ ಹಲವು ಪೋರ್ಟ್‌ಗಳಿಂದ ಒಂದಕ್ಕೆ ಟ್ರಾಫಿಕ್ ಹರಿಸುವ ಪರೀಕ್ಷೆಗಳೇ ಬೇಕು, ಅದಕ್ಕೆ ಹೆಚ್ಚಿನ ಟೆಸ್ಟರ್ ಪೋರ್ಟ್‌ಗಳನ್ನೂ ಹೊಂದಿಸಿಕೊಳ್ಳಬೇಕು.