91 ಅವಿಭಾಜ್ಯ ಅಲ್ಲ ಮಾರಾಯ್ರೇ

ಸ್ಪರ್ಧಾತ್ಮಕ ಪರೀಕ್ಷೆಗೆ ಗಣಿತ ಹೇಳಿಕೊಡುವ ನನಗೆ 91 ಅಂದರೆ ತಲೆನೋವು. 90 ಮತ್ತು 100ರ ನಡುವೆ ಎಷ್ಟು ಅವಿಭಾಜ್ಯ ಸಂಖ್ಯೆ (1 ಮತ್ತು ತನ್ನನ್ನು ಬಿಟ್ಟು ಬೇರೆ ಯಾವುದರಿಂದಲೂ ಭಾಗ ಹೋಗದ್ದು) ಇವೆ ಅಂತ ಕೇಳಿದರೆ ಅರ್ಧ ತರಗತಿ 91ನ್ನೂ ಸೇರಿಸಿ ‘ಎರಡು’ ಅನ್ನುತ್ತದೆ. ಇರುವುದು 97 ಒಂದೇ.

ಹೀಗೆ ಎಡವುವವರು ದಡ್ಡರೇನಲ್ಲ. 2, 3, 5ಕ್ಕೆ ಭಾಗ ಹೋಗುತ್ತಾ ಅಂತ ಕಣ್ಣಲ್ಲೇ ಹೇಳಬಹುದು. 7ಕ್ಕೆ ಅಂಥ ಸಲೀಸು ಗುರುತಿಲ್ಲ. ಗುರುತಿಲ್ಲದ್ದರಿಂದ ಭಾಗವೂ ಹೋಗಲ್ಲ ಅಂದುಕೊಂಡುಬಿಡುತ್ತಾರೆ. 100ರೊಳಗೆ 2, 3, 5ರ ಕೈಗೆ ಸಿಗದ ಭಾಜ್ಯ ಸಂಖ್ಯೆಗಳು ಮೂರೇ: 49, 77, 91. ಮೊದಲನೆಯದು 7ರ ವರ್ಗ, ಎಲ್ಲರಿಗೂ ಗೊತ್ತು. 77ರಲ್ಲಿ 11 ಎದ್ದು ಕಾಣುತ್ತದೆ. 91 ಮಾತ್ರ ನುಣುಚಿಕೊಳ್ಳುತ್ತದೆ. ‘ಹದಿಮೂರೇಳ್ಲ ತೊಂಬತ್ತೊಂದು’ ಅಂತ ಮಗ್ಗಿ ಹೇಳುವವರು ಈಗ ಎಲ್ಲಿದ್ದಾರೆ ಹೇಳಿ!

ಇನ್ನೊಂದು ಪಂಗಡ ಇದೆ. ‘ಸರ್, ಅರ್ಧದವರೆಗೆ ನೋಡಬೇಕಲ್ವಾ?’ ಅಂತ 45ರವರೆಗೂ ಭಾಗಿಸುತ್ತಾ ಕೂರುತ್ತಾರೆ. ಪಾಪ, ಶ್ರದ್ಧೆ ಜಾಸ್ತಿ. ಆದರೆ ಅಷ್ಟು ಹೊತ್ತು ಪರೀಕ್ಷೆಯಲ್ಲಿ ಯಾರು ಕೊಡುತ್ತಾರೆ?

ವರ್ಗಮೂಲದವರೆಗೆ ನೋಡಿದರೆ ಸಾಕು. ಇದನ್ನು ಸುಮ್ನೆ ಬಾಯಿಪಾಠ ಮಾಡಬೇಡಿ, ಯಾಕೆ ಅಂತ ನೋಡಿ. ಅಪವರ್ತನಗಳು ಜೋಡಿಯಲ್ಲೇ ಬರುತ್ತವೆ. 91 ಎರಡು ಸಂಖ್ಯೆಗಳ ಗುಣಲಬ್ಧ ಅಂತಿಟ್ಟುಕೊಳ್ಳಿ. ಎರಡೂ 10 ಅಥವಾ ಅದಕ್ಕಿಂತ ದೊಡ್ಡವಾದರೆ ಗುಣಲಬ್ಧ 100 ದಾಟಲೇಬೇಕು, ಕಡೇಪಕ್ಷ 100 ಆಗಬೇಕು. ಆಗಲ್ಲ. ಅಂದರೆ ಒಂದಾದರೂ 10ಕ್ಕಿಂತ ಚಿಕ್ಕದು. ಚಿಕ್ಕದು ಸಿಕ್ಕರೆ ದೊಡ್ಡದು ತಾನಾಗೇ ಸಿಗುತ್ತದೆ. ಚಿಕ್ಕದೇ ಇಲ್ಲದಿದ್ದರೆ ದೊಡ್ಡದೂ ಇಲ್ಲ. ಹಾಗಾಗಿ 2, 3, 5, 7 ಈ ನಾಲ್ಕರಿಂದ ಭಾಗಿಸಿ ನೋಡಿದರೆ ಮುಗಿಯಿತು. 97 ಈ ನಾಲ್ಕಕ್ಕೂ ಜಗ್ಗಲ್ಲ, ಅದು ಅವಿಭಾಜ್ಯ. 91 ನಾಲ್ಕನೆಯದಕ್ಕೆ ಸಿಕ್ಕಿಬೀಳುತ್ತದೆ. 100ರೊಳಗಿನ ಸಂಖ್ಯೆಯಾದರೆ 5ಕ್ಕೇ ನಿಲ್ಲಿಸಬೇಡಿ, 7 ದಾಟಿಯೂ ಹೋಗಬೇಡಿ.

ಬೈದರೂ 91 ನನಗೆ ಇಷ್ಟದ ಸಂಖ್ಯೆಯೇ. 1ರಿಂದ 13ರವರೆಗೆ ಕೂಡಿದರೆ 91. 1ರಿಂದ 6ರವರೆಗಿನ ವರ್ಗಗಳನ್ನು ಕೂಡಿದರೂ 91. 3ರ ಘನಕ್ಕೆ 4ರ ಘನ ಸೇರಿಸಿ, ಅಥವಾ 6ರ ಘನದಿಂದ 5ರ ಘನ ಕಳೆಯಿರಿ, ಅದೇ ಉತ್ತರ. ರಾಮಾನುಜನ್ ಹೆಸರಿನ ಜೊತೆ ಬರುವ 1729 ಇದೆಯಲ್ಲ, ಅದು 91ರ 19 ಪಟ್ಟು.

ತುಂಬ ದೊಡ್ಡ ಸಂಖ್ಯೆಗಳಿಗೆ ಈ ಭಾಗಾಕಾರ ಸಾಲದು, ಬೇರೆ ಪರೀಕ್ಷೆಗಳಿವೆ. ಅಲ್ಲೂ 91 ಕಳ್ಳಾಟ ಆಡುತ್ತದೆ. ಫ್ರಾನ್ಸಿನ ಗಣಿತಜ್ಞ ಫರ್ಮಾ ಕಂಡುಕೊಂಡ ನಿಯಮದ ಪ್ರಕಾರ 91 ಅವಿಭಾಜ್ಯ ಆಗಿದ್ದರೆ 3ರ 90ನೇ ಘಾತವನ್ನು 91ರಿಂದ ಭಾಗಿಸಿದಾಗ ಶೇಷ 1 ಬರಬೇಕು. ಬಂದೇಬಿಡುತ್ತದೆ! 3ರ 6ನೇ ಘಾತ 729, ಅಂದರೆ 91ರ 8 ಪಟ್ಟಿಗಿಂತ ಒಂದೇ ಜಾಸ್ತಿ, 90 ಕೂಡ 6ರ ಮಗ್ಗಿಯಲ್ಲೇ ಇದೆ, ಅದಕ್ಕೇ. 3ರ ಬದಲು 2 ಇಟ್ಟು ನೋಡಿ, ಶೇಷ 64. ಗುಟ್ಟು ರಟ್ಟು.

‘ಸರ್, ಶಾರ್ಟ್‌ಕಟ್?’ ಅಂತ ಕೇಳದೆ ನೀವು ಬಿಡುವವರಲ್ಲ. 91 ಅಂದರೆ 100ರಲ್ಲಿ 9 ಕಡಿಮೆ, ಎರಡೂ ವರ್ಗಗಳು. ಆದ್ದರಿಂದ 10−3 ಮತ್ತು 10+3ರ ಗುಣಲಬ್ಧ. ಆದರೆ ಹೀಗೆ ಥಟ್ಟನೆ ಹೊಳೆಯಲಿಲ್ಲ ಅಂತ ಅವಿಭಾಜ್ಯ ಎಂದು ಗುರುತು ಹಾಕಬೇಡಿ, ಭಾಗಿಸಿ ನೋಡಿ. 143 ಬಂದರೆ 144ರ ಪಕ್ಕ ಹುಡುಕಿ. 221 ನೀವೇ ಮಾಡಿ, 225 ಹತ್ತಿರದಲ್ಲೇ ಇದೆ.