ಪದ ಪರಿಚಯ: ಪೊಟ್ಯಾಸಿಯಂ

ಸೊಪ್ಪು, ಕಾಳು ಬೇಯಿಸಿ ಬಸಿದ ನೀರಿಗೆ ಕಟ್ಟು ಅಂತಾರೆ. ಮಂಡ್ಯ, ಮೈಸೂರು ಕಡೆಯ ಮನೆಗಳಲ್ಲಿ ಅದನ್ನು ಚೆಲ್ಲುವುದಿಲ್ಲ. ಬಸಿದ ಸೊಪ್ಪು-ಕಾಳಿಗೆ ಒಗ್ಗರಣೆ ಹಾಕಿದರೆ ಪಲ್ಯ. ಕಟ್ಟಿಗೆ ಖಾರ ರುಬ್ಬಿ ಹಾಕಿ ಕುದಿಸಿದರೆ ಬಸ್ಸಾರು. ಪೊಟ್ಯಾಸಿಯಂ ಅನ್ನುವ ಪದವನ್ನು ಈ ಕಟ್ಟಿನಿಂದಲೇ ಶುರು ಮಾಡೋಣ. ಯಾಕಂದ್ರೆ ನಮ್ಮ ಊಟದಲ್ಲಿರುವ ಪೊಟ್ಯಾಸಿಯಂ ಎಂಬ ಖನಿಜ ನೀರಿನಲ್ಲಿ ಸಲೀಸಾಗಿ ಕರಗುತ್ತದೆ. ಸೊಪ್ಪು ಬೇಯುವಾಗ ಅದರ ಒಳ್ಳೆಯ ಪಾಲು ಕಟ್ಟಿಗೆ ಇಳಿದಿರುತ್ತದೆ.

ಪದ ಹುಟ್ಟಿದ್ದೂ ಹೀಗೆ ಬಸಿದ ನೀರಿನಿಂದಲೇ. ಹಿಂದೆ ಯುರೋಪಿನಲ್ಲಿ ಮರದ ಬೂದಿಯನ್ನು ನೀರಿನಲ್ಲಿ ಕದಡಿ, ತಿಳಿನೀರನ್ನು ಬಸಿದು, ಪಾತ್ರೆಯಲ್ಲಿ ಕಾಯಿಸುತ್ತಿದ್ದರು. ನೀರು ಇಂಗಿದ ಮೇಲೆ ತಳದಲ್ಲಿ ಬಿಳಿ ಪುಡಿ ಉಳಿಯುತ್ತಿತ್ತು. ಸೋಪು, ಗಾಜು ಮಾಡಲು ಅದು ಬೇಕಾಗುತ್ತಿತ್ತು. ಇಂಗ್ಲಿಷಿನಲ್ಲಿ ಪಾಟ್ ಅಂದರೆ ಪಾತ್ರೆ, ಆ್ಯಶ್ ಅಂದರೆ ಬೂದಿ. ಎರಡೂ ಸೇರಿ ಪೊಟ್ಯಾಷ್ ಆಯಿತು. 1807ರಲ್ಲಿ ಹಂಫ್ರಿ ಡೇವಿ ಎಂಬ ಇಂಗ್ಲೆಂಡಿನ ವಿಜ್ಞಾನಿ ಕರಗಿಸಿದ ಪೊಟ್ಯಾಷ್ ಮೂಲಕ ವಿದ್ಯುತ್ ಹರಿಸಿ ಒಂದು ಹೊಸ ಲೋಹವನ್ನು ಬೇರ್ಪಡಿಸಿದರು. ಅದಕ್ಕೇ ಪೊಟ್ಯಾಸಿಯಂ ಎಂಬ ಹೆಸರು ಬಂತು. ಅದರ ಗುರುತು ಮಾತ್ರ 'ಕೆ'. ಕೇಲಿಯಂ ಎಂಬ ಇನ್ನೊಂದು ಹೆಸರಿನ ಮೊದಲ ಅಕ್ಷರ ಅದು. ಆ ಹೆಸರಿನ ಬೇರು ಅರಬ್ಬಿಯಲ್ಲಿದೆ, ಅಲ್ಲೂ ಅರ್ಥ ಗಿಡದ ಬೂದಿ ಎಂದೇ. ಗೊಬ್ಬರದ ಚೀಲದ ಮೇಲಿನ ಎನ್‌ಪಿಕೆಯಲ್ಲಿ ಕೊನೆಗೆ ಬರುವ ಕೆ ಇದೇ. ಒಲೆಯ ಬೂದಿಯನ್ನು ಹಿತ್ತಲಿನ ಗಿಡಗಳ ಬುಡಕ್ಕೆ ಹಾಕುತ್ತಿದ್ದ ನಮ್ಮ ಅಜ್ಜಿಯರು ಹಾಕುತ್ತಿದ್ದದ್ದೂ ಇದನ್ನೇ.

ಮಣ್ಣಿನಿಂದ ಗಿಡಕ್ಕೆ, ಗಿಡದಿಂದ ನಮಗೆ. ಮೈಯೊಳಗೆ ಬಂದ ಪೊಟ್ಯಾಸಿಯಂ ಎಲ್ಲಿರುತ್ತದೆ ಗೊತ್ತಾ? ನೂರರಲ್ಲಿ ಸುಮಾರು 98 ಪಾಲು ಜೀವಕೋಶಗಳ ಒಳಗೇ ಇರುತ್ತದೆ. ಉಪ್ಪಿನಲ್ಲಿರುವ ಸೋಡಿಯಂ ಹೆಚ್ಚಾಗಿ ಕೋಶದ ಹೊರಗೆ. ಇದು ಸುಮ್ನೆ ಆಗುವುದಲ್ಲ. ಕೋಶದ ಹೊರಪೊರೆಯಲ್ಲಿ ಪಂಪಿನಂಥ ಒಂದು ಏರ್ಪಾಡಿದೆ. ಒಂದೊಂದು ಸುತ್ತಿಗೆ ಅದು 3 ಸೋಡಿಯಂ ಕಣಗಳನ್ನು ಹೊರಕ್ಕೆ ದಬ್ಬಿ, 2 ಪೊಟ್ಯಾಸಿಯಂ ಕಣಗಳನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಇದನ್ನು ಕಂಡುಹಿಡಿದ ಡೆನ್ಮಾರ್ಕಿನ ಯೆನ್ಸ್ ಸ್ಕೋ ಅವರಿಗೆ 1997ರಲ್ಲಿ ನೊಬೆಲ್ ಸಿಕ್ಕಿತು. ಒಳಗೊಂದು, ಹೊರಗೊಂದು ಇರುವುದರಿಂದಲೇ ನರಗಳಲ್ಲಿ ಸುದ್ದಿ ಹರಿಯುತ್ತದೆ, ಕೈಕಾಲು ಆಡುತ್ತದೆ, ಹೃದಯ ತಾಳ ತಪ್ಪದೆ ಬಡಿಯುತ್ತದೆ.

ಬಿಪಿ ಇರುವವರಿಗೆ ಉಪ್ಪು ಕಡಿಮೆ ಮಾಡಿ ಅಂತ ಎಲ್ಲರೂ ಹೇಳುತ್ತಾರೆ. ಪೊಟ್ಯಾಸಿಯಂ ಜಾಸ್ತಿ ಮಾಡಿ ಅಂತ ಹೇಳುವವರು ಕಡಿಮೆ. ಪೊಟ್ಯಾಸಿಯಂ ಇದ್ದರೆ ಮೂತ್ರಪಿಂಡ ಹೆಚ್ಚಿನ ಸೋಡಿಯಂ ಅನ್ನು ಮೂತ್ರದಲ್ಲಿ ಹೊರಗೆ ಕಳಿಸುತ್ತದೆ, ರಕ್ತನಾಳಗಳ ಬಿಗಿಯೂ ಸಡಿಲವಾಗುತ್ತದೆ. ಚೀನಾದ 600 ಹಳ್ಳಿಗಳಲ್ಲಿ ನಡೆದು 2021ರಲ್ಲಿ ಹೊರಬಂದ ಒಂದು ದೊಡ್ಡ ಅಧ್ಯಯನವಿದೆ. ಅದರಲ್ಲಿ ಅರ್ಧದಷ್ಟು ಹಳ್ಳಿಗಳಿಗೆ ಕಾಲು ಭಾಗ ಪೊಟ್ಯಾಸಿಯಂ ಕ್ಲೋರೈಡ್ ಬೆರೆಸಿದ ಉಪ್ಪು ಕೊಟ್ಟಿದ್ದರು. ಅಲ್ಲಿ ಪಾರ್ಶ್ವವಾಯು ಸುಮಾರು ಶೇ. 14ರಷ್ಟು ಕಡಿಮೆಯಾಗಿತ್ತು.

ದೊಡ್ಡವರಿಗೆ ದಿನಕ್ಕೆ ಸುಮಾರು 3,500 ಮಿಲಿಗ್ರಾಂ ಬೇಕು ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ಪೊಟ್ಯಾಸಿಯಂ ಅಂದ ಕೂಡಲೇ ಬಾಳೆಹಣ್ಣು ನೆನಪಾಗುತ್ತದೆ ಅಲ್ವಾ? ಒಂದು ಪಚ್ಚಬಾಳೆಯಲ್ಲಿ ಇರುವುದು ಸುಮಾರು 400 ಮಿಲಿಗ್ರಾಂ. ಬರೀ ಬಾಳೆಹಣ್ಣಿನಿಂದ ಲೆಕ್ಕ ತುಂಬಿಸಬೇಕಾದರೆ ಎಂಟೊಂಬತ್ತು ತಿನ್ನಬೇಕು! ನಿಜವಾಗಿ ನಮ್ಮ ಕೈಹಿಡಿಯುವುದು ಬೇಳೆಕಾಳು, ಸೊಪ್ಪು, ಆಲೂಗಡ್ಡೆ, ಗೆಣಸು, ಎಳನೀರು. ಬೇಯಿಸದ 100 ಗ್ರಾಂ ಒಣ ಕಾಳಿನಲ್ಲಿ 1,000 ಮಿಲಿಗ್ರಾಂ ಆಸುಪಾಸು ಇರುತ್ತದೆ. ಅಷ್ಟೇ ತೂಕದ ರಾಗಿಯಲ್ಲಿ 400ರ ಮೇಲೆ, ಪಾಲಿಶ್ ಮಾಡಿದ ಅಕ್ಕಿಯಲ್ಲಿ ಅದರ ಕಾಲು ಭಾಗದಷ್ಟು. ಮುದ್ದೆ, ಬಸ್ಸಾರು, ಸೊಪ್ಪಿನ ಪಲ್ಯ ಇರುವ ತಟ್ಟೆಗೆ ಬೇರೆ ಮಾತ್ರೆ ಬೇಕಿಲ್ಲ ಅನ್ನುವುದು ನನ್ನ ಗಟ್ಟಿ ಅನಿಸಿಕೆ. ಉಪ್ಪು ಮಾತ್ರ ಹಿಡಿದು ಹಾಕಬೇಕು.

ಊಟದಿಂದಲೇ ಕೊರತೆಯಾಗಿ ಆಸ್ಪತ್ರೆ ಸೇರುವುದು ಅಪರೂಪ. ವಾಂತಿ, ಭೇದಿ ಹೆಚ್ಚಾದಾಗ ಅಥವಾ ಮೂತ್ರ ಜಾಸ್ತಿ ಹೋಗಿಸುವ ಕೆಲವು ಮಾತ್ರೆಗಳಿಂದ ರಕ್ತದಲ್ಲಿ ಇದರ ಮಟ್ಟ ಇಳಿಯುತ್ತದೆ. ಆಗ ಸುಸ್ತು, ಮಾಂಸಖಂಡ ಹಿಡಿದುಕೊಳ್ಳುವುದು, ಎದೆಬಡಿತ ಏರುಪೇರಾಗುವುದು ಆಗಬಹುದು. ಓಆರ್‌ಎಸ್ ಪೊಟ್ಟಣದಲ್ಲಿ ಪೊಟ್ಯಾಸಿಯಂ ಸೇರಿಸಿರುವುದು ಇದಕ್ಕಾಗಿಯೇ. ಮನೆಯಲ್ಲಿ ಕಲಸುವ ಉಪ್ಪು-ಸಕ್ಕರೆ ನೀರಿನಲ್ಲಿ ಅದು ಇಲ್ಲ.

ಇನ್ನೊಂದು ಮಾತು. ಇದನ್ನು ದಯವಿಟ್ಟು ಮನೆಯಲ್ಲಿ ಎಲ್ಲರಿಗೂ ಹೇಳಿ. ತಿಂದ ಪೊಟ್ಯಾಸಿಯಂನಲ್ಲಿ ಸುಮಾರು ಶೇ. 90ರಷ್ಟನ್ನು ಹೊರಹಾಕುವುದು ಮೂತ್ರಪಿಂಡ. ಅದು ಸೋತಾಗ ಪೊಟ್ಯಾಸಿಯಂ ರಕ್ತದಲ್ಲೇ ಉಳಿಯುತ್ತದೆ. ರಕ್ತಪರೀಕ್ಷೆಯ ವರದಿಯಲ್ಲಿ 3.5ರಿಂದ 5ರ ಒಳಗೆ ಇರಬೇಕಾದದ್ದು ತೀರಾ ಮೇಲೇರಿದರೆ ಹೃದಯವೇ ನಿಲ್ಲಬಹುದು. ಮುನ್ಸೂಚನೆ ಕಾಣಿಸಲೇಬೇಕೆಂದೇನೂ ಇಲ್ಲ. ಬಿಪಿಯ ಕೆಲವು ಮಾತ್ರೆಗಳೂ ಅದನ್ನು ಏರಿಸುತ್ತವೆ. 'ಕಡಿಮೆ ಸೋಡಿಯಂ' ಎಂದು ಬರೆದಿರುವ ಉಪ್ಪಿನಲ್ಲಿ ಸಾಮಾನ್ಯವಾಗಿ ಪೊಟ್ಯಾಸಿಯಂ ಬೆರೆತಿರುತ್ತದೆ. ಹಾಗಾಗಿ ಮೂತ್ರಪಿಂಡದ ತೊಂದರೆ ಇರುವವರು, ಇಂಥ ಮಾತ್ರೆ ನುಂಗುವವರು ವೈದ್ಯರನ್ನು ಕೇಳದೆ ಅದನ್ನು ತರಬಾರದು.

ಹುಷಾರಿಲ್ಲದವರನ್ನು ನೋಡಲು ಹೋಗುವಾಗ ನಾವು ಎಳನೀರು, ಬಾಳೆಹಣ್ಣು ಹಿಡಿದು ಹೋಗುತ್ತೇವೆ. ಒಂದು ಎಳನೀರಿನಲ್ಲೇ 500 ಮಿಲಿಗ್ರಾಂ ದಾಟಬಹುದು. ಮೂತ್ರಪಿಂಡ ಸೋತು ಡಯಾಲಿಸಿಸ್‌ನಲ್ಲಿರುವವರ ಮನೆಗೆ ಹೋಗುವುದಾದರೆ ಮೊದಲು ಒಂದು ಫೋನ್ ಮಾಡಿ, ಏನು ತರಬಹುದು ಅಂತ ಕೇಳಿ. ಅಂಥವರ ತರಕಾರಿಯನ್ನು ಸಣ್ಣಗೆ ಹೆಚ್ಚಿ, ಜಾಸ್ತಿ ನೀರಿನಲ್ಲಿ ಬೇಯಿಸಿ, ಬಸಿದು ಕೊಡಿ ಎಂದು ಆಸ್ಪತ್ರೆಯಲ್ಲಿ ಹೇಳಿಕೊಟ್ಟಿರುತ್ತಾರೆ. ಆ ಮನೆಯಲ್ಲಿ ಬಸಿದ ಪಲ್ಯವನ್ನು ವೈದ್ಯರು ಹೇಳಿದಷ್ಟು ಅವರಿಗೆ ಬಡಿಸಬಹುದು. ಕಟ್ಟನ್ನು ಮಾತ್ರ ಅವರ ತಟ್ಟೆಗೆ ಹಾಕುವಂತಿಲ್ಲ.